ದೇವರ ದನಿಗೆ ಕಿವಿಗೊಟ್ಟವರು
ಸಕಲೇಶಪುರ, ಆಲೂರುಗಳ ಮಲೆಸೀಮೆಯನ್ನು ದಾಟಿ ಬರುವ ಹೇಮಾವತಿಯ ದಂಡೆಯಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚಿದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಂದು ಬಲಿಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ. ಗದ್ದೆಯ ಒಕ್ಕಲಿಗನಿಗೆ ಅದರ ಅರ್ಥ ತಿಳಿಯುವುದೆಂತು? ಆದರೆ ಮುಂಜಾನೆ, ನಡುಹಗಲು, ಮುಸ್ಸಂಜೆ ತ್ರಿಕಾಲ ಪ್ರಾರ್ಥನೆಯ ಗಂಟೆ ಕೇಳಿದೊಡನೆ ಕೈಕೆಲಸ ನಿಲ್ಲಿಸಿ ತಲೆಬಾಗುವುದು ಕಥೋಲಿಕರ ಹಳೆಯ ರೂಢಿ. ದೇವರ ದನಿ ಕೇಳಲು ಕಲಿಸಿದ್ದು ಆ ಅರೆಗಳಿಗೆಯ ಮೌನವೇ ಎಂದು ನನ್ನ ಎಣಿಕೆ. (ಬಳ್ಳಾರಿಯ ಪ್ರಾಟೆಸ್ಟಂಟರ ಕನ್ನಡ ಬೈಬಲ್ಲು 1831ರಲ್ಲೇ ಬಂದಿತ್ತೆಂಬುದು ಬೇರೆ ಮಾತು.) ಬಲಿಪೂಜೆ ಕನ್ನಡಕ್ಕೆ ಬಂದದ್ದು 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆಯಿಂದಾಗಿ. ಕಡೆಗೂ ತಮ್ಮದೇ ನುಡಿಯಲ್ಲಿ ಕೇಳತೊಡಗಿದ್ದರು, ಅಷ್ಟರಲ್ಲಿ ಗೊರೂರಿನ ಅಣೆಕಟ್ಟು ಎದ್ದಿತು. 1979ರಲ್ಲಿ ಅದು ಪೂರ್ಣಗೊಂಡಿತು; ಹಿನ್ನೀರಿಗೆ ಊರು ತೆರವಾಯಿತು. ಮಳೆಗಾಲದಲ್ಲಿ ಅಳಿದುಳಿದ ಗೋಡೆಗಳ ನಡುವೆ ಈಗ ನೀರಿನ ಸದ್ದೊಂದೇ.