ಕತ್ತಲೆಯನ್ನರಸಿ ಹೊರಟ ವೇಧಶಾಲೆಗಳು

ಭಾರತದ ಆಧುನಿಕ ಖಗೋಳವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೂರದರ್ಶಕಗಳ ಗಾತ್ರವನ್ನೂ ಅವುಗಳಿಂದ ದೊರೆತ ಫಲಗಳನ್ನೂ ಅನುಕ್ರಮವಾಗಿ ಹೇಳಿಕೊಂಡು ಹೋಗುತ್ತಾರೆ. ಆ ಚರಿತ್ರೆಯನ್ನು ಇನ್ನೊಂದು ಬಗೆಯಲ್ಲಿಯೂ ಹೇಳಬಹುದು: ಸಮುದ್ರತೀರದ ಪಟ್ಟಣದಲ್ಲಿ ಹುಟ್ಟಿ, ಅಲ್ಲಿಂದ ಬೆಟ್ಟಕ್ಕೆ, ಬೆಟ್ಟದಿಂದ ಕಾಡಿಗೆ, ಕೊನೆಗೆ ಹಿಮಾಲಯದಾಚೆಯ ಶೀತಮರುಭೂಮಿಗೆ ನೆಲೆ ಬದಲಿಸುತ್ತ ಹೋದ ಒಂದು ವಿದ್ಯೆಯ ವಲಸೆಯ ಕಥೆಯೆಂದು. ಎಲ್ಲರ ಅಂಗಳದಲ್ಲಿಯೂ ಬೇಡವೆಂದರೂ ದೊರೆಯುತ್ತಿದ್ದ ನಿರ್ಮಲವಾದ ಕತ್ತಲೆಯನ್ನು ಸರಕಾರವೇ ಆಜ್ಞೆ ಹೊರಡಿಸಿ ಕಾಪಾಡಬೇಕಾದ ಕಾಲಕ್ಕೆ ನಾವು ಹೇಗೆ ಬಂದು ಸೇರಿದೆವೆಂಬುದು ಆ ಕಥೆಯಿಂದ ತಿಳಿಯುತ್ತದೆ.

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ ಎಂಬವನು ಮದರಾಸಿನಲ್ಲಿ ತನ್ನ ಸ್ವಂತ ಆಸಕ್ತಿಯಿಂದ ಸಣ್ಣದೊಂದು ವೇಧಶಾಲೆಯನ್ನು ಏರ್ಪಡಿಸಿಕೊಂಡನು. ಅದು ಕಂಪನಿಯ ವಶಕ್ಕೆ ಬಂದು, 1792ರಲ್ಲಿ ನುಂಗಂಬಾಕ್ಕಂನಲ್ಲಿ ಅದಕ್ಕೊಂದು ಕಟ್ಟಡವಾಯಿತು. ಉಪಕರಣವನ್ನು ಅಲುಗಾಡದಂತೆ ಹೊತ್ತು ನಿಲ್ಲಲೆಂದು ಅಲ್ಲಿ ನಿಲ್ಲಿಸಿದ ಕರಿಕಲ್ಲಿನ ಕಂಬವು, ತಮಿಳು ತೆಲುಗು ಮೊದಲಾದ ಭಾಷೆಗಳ ಬರಹವನ್ನು ಮೈಮೇಲೆ ಧರಿಸಿ, ಇಂದಿಗೂ ಉಳಿದುಕೊಂಡಿದೆ. 1861ರಲ್ಲಿ ಅಲ್ಲಿಗೆ ಬಂದ ನಾರ್ಮನ್ ಪಾಗ್ಸನ್ ಅದೇ ವರ್ಷ ‘ಏಷ್ಯಾ’ ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದನು. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ದಕ್ಷಿಣಾಕಾಶದ ಒಂದು ನಕ್ಷತ್ರದ ಕಾಂತಿಯು ಏರಿಳಿಯುತ್ತಿರುವುದನ್ನು ಗುರುತಿಸಿದರು. ರಾಜಧಾನಿಯ ಮಧ್ಯದಲ್ಲಿಯೇ ಕುಳಿತು ಇಂತಹ ಮಂದಜ್ಯೋತಿಗಳನ್ನು ಅರಸುವುದು ಸಾಧ್ಯವಾಗಿದ್ದುದು ಎಣ್ಣೆದೀಪಗಳ ಕಾಲದ ಭಾಗ್ಯವೆಂದೇ ಹೇಳಬೇಕು.

ಕಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸುವುದು ಪುರಾತನ ಗ್ರೀಕರಿಂದ ಬಂದ ಪದ್ಧತಿ. ಮೊದಲನೆಯ ದರ್ಜೆಯ ನಕ್ಷತ್ರವು ಆರನೆಯದಕ್ಕಿಂತ ಸರಿಯಾಗಿ 100 ಪಟ್ಟು ಉಜ್ಜ್ವಲವಾದುದೆಂದು ನಿಯಮ ಮಾಡಿ, ಆ ಪದ್ಧತಿಗೆ 1856ರಲ್ಲಿ ಗಣಿತದ ಖಚಿತತೆಯನ್ನು ತಂದುಕೊಟ್ಟವನು ಇದೇ ಪಾಗ್ಸನ್. ನಾವು ಕಳೆದುಕೊಂಡ ಕತ್ತಲೆಯ ಲೆಕ್ಕವನ್ನು ಇಂದು ಹಾಕುವುದು ಅವನು ಕೊಟ್ಟ ಆ ಅಳತೆಗೋಲಿನಿಂದಲೇ. ಚಂದ್ರನಿಲ್ಲದ ರಾತ್ರಿಯಲ್ಲಿ, ದೀಪಗಳಿಂದ ದೂರವಾದ ಎಡೆಯಲ್ಲಿ, ಬರಿಗಣ್ಣು ಆರನೆಯ ದರ್ಜೆಯವರೆಗೆ ಇಳಿಯಬಲ್ಲುದು. ಮಹಾನಗರದ ನಡುವೆ ಮೂರನೆಯದನ್ನು ದಾಟುವುದೇ ಅದಕ್ಕೆ ಕಷ್ಟ. ಈ ಅಂತರದ ಅರ್ಥವನ್ನು ಅರಿಯಲು ನಮ್ಮ ಮದುವೆಗಳ ಅರುಂಧತೀದರ್ಶನವನ್ನು ನೆನೆದರೆ ಸಾಕು. ವಧೂವರರನ್ನು ಅಂಗಳಕ್ಕೆ ಕರೆತಂದು, ಸಪ್ತರ್ಷಿಗಳ ಸಾಲಿನಲ್ಲಿ ಕೊನೆಯಿಂದ ಎರಡನೆಯವನಾದ ವಸಿಷ್ಠನನ್ನು ಮೊದಲು ತೋರಿಸಿ, ದೃಷ್ಟಿಯು ಅವನಲ್ಲಿ ನೆಲೆಗೊಂಡ ಮೇಲೆ, ಅವನ ಮಗ್ಗುಲಲ್ಲಿಯೇ ಇರುವ ಸೂಕ್ಷ್ಮಬಿಂದುವಿನ ಕಡೆಗೆ ಅದನ್ನು ಸರಿಸುವುದು ಪದ್ಧತಿ. ಸ್ಥೂಲದಿಂದ ಸೂಕ್ಷ್ಮಕ್ಕೆ ನಡೆಸುವ ಬೋಧನಕ್ರಮಕ್ಕೆ ಶಾಸ್ತ್ರಕಾರರು ಅರುಂಧತೀನ್ಯಾಯವೆಂದು ಹೆಸರಿಟ್ಟುದು ಇದರಿಂದಲೇ. ವಸಿಷ್ಠನು ಎರಡನೆಯ ದರ್ಜೆಯವನು, ಅರುಂಧತಿ ನಾಲ್ಕನೆಯ ದರ್ಜೆಯವಳು. ಪಟ್ಟಣದ ಆಕಾಶದಲ್ಲಿ ವಸಿಷ್ಠನು ಉಳಿದು ಅರುಂಧತಿಯು ಅಳಿಸಿಹೋಗಿದ್ದಾಳೆ. ಆ ವಿಧಿಯನ್ನು ಏರ್ಪಡಿಸಿದ ಪೂರ್ವಿಕರಿಗಾದರೋ, ಆಕೆಯು ಕಾಣದ ಆಕಾಶವೊಂದು ಉಂಟಾದೀತೆಂಬ ಶಂಕೆ ಬರಲು ಕಾರಣವೇ ಇರಲಿಲ್ಲ.

ಮದರಾಸಿನಿಂದ ಬೆಟ್ಟಕ್ಕೆ ಏರಿದುದಕ್ಕೆ ಕಾರಣ ದೀಪಗಳಲ್ಲ. ಸೂರ್ಯನ ಅಧ್ಯಯನಕ್ಕೆ ತಿಳಿಯಾದ ಗಾಳಿ ಬೇಕಾಗಿದ್ದುದರಿಂದ ಕೊಡೈಕನಾಲಿನಲ್ಲಿ ವೇಧಶಾಲೆಯಾಗಿ 1899ರಲ್ಲಿ ಕಾರ್ಯ ಅಲ್ಲಿಗೆ ವರ್ಗವಾಯಿತು. ಆದರೆ ಆ ವೇಳೆಗೆ ದೀಪಗಳ ಯುಗವೂ ಬಾಗಿಲಿಗೆ ಬಂದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಕನ್ನಡನಾಡು ಹೆಮ್ಮೆಪಡುವ ದಿನಗಳಿವು. ಆ ಬೆಳಕಿನಲ್ಲಿ ಓದಿ ಬಾಳನ್ನು ಕಟ್ಟಿಕೊಂಡವರ ಋಣವನ್ನು ಅಲ್ಲಗಳೆಯಲಾಗದು. ಕೇಡಿರುವುದು ದೀಪದಲ್ಲಲ್ಲ, ದೀಪದಿಂದ ಮೇಲಕ್ಕೆ ಪೋಲಾಗುವ ಬೆಳಕಿನಲ್ಲಿ. ಅದು ಗಾಳಿಯ ಧೂಳಿಗೂ ತೇವಕ್ಕೂ ತಾಗಿ ಚದುರಿ, ಊರಿನ ಮೇಲೆ ಬಿಳುಪಾದ ಮುಸುಕಾಗಿ ಹರಡಿ, ಹತ್ತಾರು ಮೈಲಿ ದೂರದ ಹಳ್ಳಿಗಳ ದಿಗಂತವನ್ನೂ ಮಸುಳಿಸುತ್ತದೆ.

ಈ ಮುಸುಕಿನಿಂದ ದೂರವಾದ ನೆಲೆಯನ್ನು ಹುಡುಕಿ ಹೊರಟವರು ವೇಣು ಬಾಪು. 1960ರಲ್ಲಿ ಕೊಡೈಕನಾಲಿನ ನಿರ್ದೇಶಕರಾದ ಅವರು, ರಾತ್ರಿಯ ಆಕಾಶಕ್ಕೆ ತಕ್ಕ ಸ್ಥಳವನ್ನು ಅರಸಿ, ಬೆಂಗಳೂರಿನಿಂದ ಸುಮಾರು 175 ಕಿಲೋಮೀಟರ್ ದೂರದಲ್ಲಿ, ಜವಾದಿ ಬೆಟ್ಟಗಳ ಶ್ರೀಗಂಧದ ಕಾಡಿನ ನಡುವಣ ಕಾವಲೂರನ್ನು ಆರಿಸಿದರು. ಭೂಮಧ್ಯರೇಖೆಗೆ ಸಮೀಪವಾದುದರಿಂದ ಉತ್ತರದ ಧ್ರುವನೂ ದಕ್ಷಿಣದ ತ್ರಿಶಂಕುವೂ ಅಲ್ಲಿ ಗೋಚರಿಸುವರು. 1968ರಲ್ಲಿ, ತಮ್ಮದೇ ಕಾರ್ಯಾಗಾರದಲ್ಲಿ ತಯಾರಾದ 38 ಸೆಂಟಿಮೀಟರಿನ ದೂರದರ್ಶಕದಿಂದ ಅಲ್ಲಿ ಕೆಲಸ ಮೊದಲಾಯಿತು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರಲ್ಲಿ ಯುರೇನಸ್ ಗ್ರಹವು ನಕ್ಷತ್ರವೊಂದನ್ನು ಮರೆಮಾಡಿದಾಗ, ಆ ಗ್ರಹಕ್ಕೆ ಉಂಗುರಗಳಿರುವ ಸುಳಿವು ಕಾವಲೂರಿನಲ್ಲಿಯೂ ದಾಖಲಾಯಿತು. ಬೆಂಗಳೂರಿನಲ್ಲಿ ಉಜ್ಜಿ ನಯಗೊಳಿಸಿದ 2.34 ಮೀಟರಿನ ದರ್ಪಣವು 1986ರಲ್ಲಿ ಅಲ್ಲಿ ಪ್ರತಿಷ್ಠಿತವಾಯಿತು. ಅದರ ಕನಸನ್ನು ಕಂಡ ಬಾಪು ಅವರಾದರೋ 1982ರಲ್ಲಿಯೇ ತೀರಿಕೊಂಡಿದ್ದರು.

ಅಲ್ಲಿಂದ ಮುಂದಿನ ನೆಲೆ ಲಡಾಖಿನ ಹಾನ್ಲೆ. ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ, ಮಳೆಮೋಡಗಳು ವಿರಳವಾದ ಆ ಒಣನಾಡಿನ ಬೆಟ್ಟದ ಮೇಲೆ, ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಎರಡು ಮೀಟರಿನ ದೂರದರ್ಶಕವನ್ನು ನಿಲ್ಲಿಸಿತು. 2000ದ ಸೆಪ್ಟೆಂಬರಿನಲ್ಲಿ ಅದು ಮೊದಲ ಬಾರಿಗೆ ಕಣ್ಣು ತೆರೆಯಿತು. ಹಾನ್ಲೆಯ ಆ ಯಂತ್ರವನ್ನು ಉಪಗ್ರಹದ ಸಂಪರ್ಕದಿಂದ ನಡೆಸುವುದು ನಮ್ಮ ಹೊಸಕೋಟೆಯಿಂದ. ಬೆಂಗಳೂರಿನ ಪ್ರಭೆಯಲ್ಲಿ ತನ್ನ ಆಕಾಶವನ್ನು ಕಳೆದುಕೊಂಡ ಊರೊಂದು ಹಿಮಾಲಯದ ಕತ್ತಲೆಯ ಮೂಲಕ ವಿಶ್ವವನ್ನು ನೋಡುತ್ತಿದೆಯೆಂಬುದು ನಾವು ಯೋಚಿಸಬೇಕಾದ ಸಂಗತಿ.

2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಣ 1,073 ಚದರ ಕಿಲೋಮೀಟರ್ ಪ್ರದೇಶವು ಕತ್ತಲೆಯಾಕಾಶದ ರಕ್ಷಿತ ನೆಲೆಯೆಂದು ಘೋಷಿತವಾಯಿತು. ಅಲ್ಲಿನ ಹಳ್ಳಿಗರು ದೀಪಗಳನ್ನು ತ್ಯಜಿಸಲಿಲ್ಲ. ಕಿಟಕಿಗಳಿಗೆ ದಪ್ಪ ಪರದೆ, ಹೊರಗಿನ ದೀಪಕ್ಕೆ ಮುಚ್ಚಳ, ಬಿಳಿಯ ಪ್ರಖರತೆಗೆ ಬದಲಾಗಿ ಹಳದಿಯ ಮಂದಪ್ರಕಾಶ, ಇಷ್ಟನ್ನು ಒಪ್ಪಿಕೊಂಡರು. ಊರಿನ ಯುವಕ ಯುವತಿಯರು ತರಬೇತಿ ಹೊಂದಿ, ಬಂದವರಿಗೆ ದೂರದರ್ಶಕದಿಂದ ಆಕಾಶವನ್ನು ತೋರಿಸುತ್ತಾರೆ. ಬೆಳಕಿನಿಂದ ಹೊರಬಂದ ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ತಾಳ್ಮೆಯಿಂದ ನಿಂತವನಿಗೆ ಮೊದಲು ದೊಡ್ಡ ನಕ್ಷತ್ರಗಳು, ಆಮೇಲೆ ಅವುಗಳ ನಡುವಣ ನುಣ್ಣನೆಯ ಹಿಟ್ಟಿನಂತಹ ಕಾಂತಿ, ಕಡೆಗೆ ಆಕಾಶಗಂಗೆಯ ಒಡಲಲ್ಲಿ ಕವಲೊಡೆದು ಹರಿದ ಕಪ್ಪು ಕಾಲುವೆಗಳೂ ಒಂದೊಂದಾಗಿ ತೋರುತ್ತವೆ.

ಈ ಸುಖಕ್ಕಾಗಿ ಎಲ್ಲರೂ ಲಡಾಖಿಗೆ ಹೋಗಬೇಕಾಗಿಲ್ಲ. ಹಾನ್ಲೆಯವರು ಕೈಗೊಂಡ ಕ್ರಮಗಳಲ್ಲಿ ನಮ್ಮ ಮಲೆನಾಡಿಗಾಗಲಿ ಬಯಲುಸೀಮೆಗಾಗಲಿ ಅಸಾಧ್ಯವಾದುದು ಒಂದೂ ಇಲ್ಲ. ಕಡಿದ ಕಾಡು ಮತ್ತೆ ಬೆಳೆಯಲು ತಲೆಮಾರುಗಳು ಬೇಕು. ಬತ್ತಿದ ನದಿಯು ತುಂಬುವುದಕ್ಕೆ ಮಳೆಯ ಕೃಪೆ ಬೇಕು. ಭಗ್ನವಾದ ಶಿಲ್ಪವು ಎಂದಿಗೂ ಮೊದಲಿನಂತಾಗದು. ಪೂರ್ವಿಕರಿಂದ ಬಂದು ನಮ್ಮ ಕೈಯಲ್ಲಿ ಕೆಟ್ಟ ಸಂಪತ್ತುಗಳಲ್ಲಿ ಇರುಳಿನ ಆಕಾಶವೊಂದೇ ಇದಕ್ಕೆ ಅಪವಾದ. ನಕ್ಷತ್ರಗಳಿಗೆ ಯಾವ ಹಾನಿಯೂ ಆಗಿಲ್ಲ. ದೀಪಗಳಿಗೆ ಮುಚ್ಚಳವಿಟ್ಟು ಬೆಳಕನ್ನು ನೆಲದ ಕಡೆಗೆ ತಿರುಗಿಸಲು ಒಂದು ಊರು ಮನಸ್ಸು ಮಾಡಿದರೆ, ಆ ರಾತ್ರಿಯೇ ಅದರ ಫಲವನ್ನು ತಲೆಯೆತ್ತಿ ನೋಡಬಹುದು.