ಕಟ್ಟಿ ಬಿಚ್ಚುವ ಅಟ್ಟಣಿಗೆ: ಬೆಳಗೊಳದ ಬೆಟ್ಟಗಳಲ್ಲಿ ನೋಟದ ನೆಲೆಗಳು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಬುಡದ ಹತ್ತಿರ, ಶಾಸನ ಕೆತ್ತಿದ ಒಂದು ದೊಡ್ಡ ಗುಂಡು ಇದೆ. ಅದಕ್ಕೆ ಚಾವುಂಡರಾಯನ ಬಂಡೆ ಎಂದು ಹೆಸರು. ಕನಸಿನಲ್ಲಿ ಆದ ಅಪ್ಪಣೆಯಂತೆ ಗಂಗರ ಮಂತ್ರಿ ಚಾವುಂಡರಾಯ ಇಲ್ಲಿ ನಿಂತು ಎದುರಿನ ದೊಡ್ಡಬೆಟ್ಟಕ್ಕೆ ಬಾಣ ಬಿಟ್ಟನಂತೆ, ಬಾಣ ತಾಗಿದ್ದೇ ಗೊಮ್ಮಟ ಕಾಣಿಸಿದನಂತೆ. ಐತಿಹ್ಯದ ನಿಜಾನಿಜ ಹಾಗಿರಲಿ. ಅದು ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳುತ್ತದೆ: ಬೆಟ್ಟವನ್ನು ನೋಡಬೇಕಾದರೆ ಅದರ ನೆತ್ತಿಗೆ ಹತ್ತಬೇಕಿಲ್ಲ, ಎದುರಿಗೆ ತಕ್ಕ ಜಾಗ ಹುಡುಕಿಕೊಂಡು ನಿಂತರೆ ಸಾಕು.

ಇದು ಬರೀ ಕಥೆಯ ಮಾತಲ್ಲ. ಸುಮಾರು 981ರಲ್ಲಿ ನಿಂತ ಗೊಮ್ಮಟ ಉತ್ತರಾಭಿಮುಖಿ. ಅವನ ಕಣ್ಣೆದುರಿಗೆ ಊರು, ಊರ ನಡುವೆ ಕಲ್ಯಾಣಿ, ಆಚೆ ಚಿಕ್ಕಬೆಟ್ಟ. ದೊಡ್ಡಬೆಟ್ಟ ಸಮುದ್ರಮಟ್ಟದಿಂದ 3,347 ಅಡಿ, ಸುತ್ತಲ ಬಯಲಿನಿಂದ ಸುಮಾರು 470 ಅಡಿ. ಚಿಕ್ಕಬೆಟ್ಟ 3,052 ಅಡಿ, ಬಯಲಿನಿಂದ ಸುಮಾರು 175. ಹೀಗೆ ಚಿಕ್ಕದು ದೊಡ್ಡದಕ್ಕೆ ತಾನಾಗಿ ಒದಗಿದ ನೋಟದ ಜಗಲಿ. ಅಲ್ಲಿನ ಬಂಡೆಯ ಮೇಲೆ ನಿಂತು ದಕ್ಷಿಣಕ್ಕೆ ತಿರುಗಿದರೆ ಗೊಮ್ಮಟನ ತಲೆ ಮತ್ತು ಭುಜಗಳು ಪ್ರಾಕಾರದ ಮೇಲೆ ಎದ್ದು ಕಾಣುತ್ತವೆ. ಇದಕ್ಕಾಗಿ ಯಾರೂ ಗೋಪುರ ಕಟ್ಟಬೇಕಾಗಿ ಬರಲಿಲ್ಲ.

ಕಟ್ಟಿದ್ದೇ ಇಲ್ಲವೆಂದಲ್ಲ. ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜ 12ನೆಯ ಶತಮಾನದ ಆರಂಭದಲ್ಲಿ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದ; ಮೂರ್ತಿಯ ಪಾದದ ಬಳಿಯ ಬರಹವೇ ಅದನ್ನು ಹೇಳುತ್ತದೆ. ಅದರಿಂದ ನೋಟದ ಬಗೆಯೇ ಬದಲಾಯಿತು. ದೂರದಿಂದ ಬರುವವನಿಗೆ ಈಗ ಅರ್ಧ ಮೂರ್ತಿ ಮಾತ್ರ ಕಾಣುತ್ತದೆ, ಪೂರ್ತಿ ಕಾಣಬೇಕಾದರೆ ಒಳಗಂಗಳಕ್ಕೇ ಬರಬೇಕು. ಇದು ಮರೆಮಾಡುವ ಕಟ್ಟಡ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಒಪ್ಪುವುದಿಲ್ಲ. ಮೆಟ್ಟಿಲೇರಿ, ಒಂದೇ ಬಂಡೆಯಲ್ಲಿ ಕೊರೆದ ಅಖಂಡ ಬಾಗಿಲು ದಾಟಿ, ಗೋಡೆಗಳ ನಡುವಿನ ಮಬ್ಬಿನಿಂದ ಬಿಸಿಲಿನ ಅಂಗಳಕ್ಕೆ ಕಾಲಿಟ್ಟಾಗ ಎದುರಾಗುವ ಬೆರಗು ಆ ಮರೆಯಿಂದಲೇ ಹುಟ್ಟಿದ್ದು. ಅಂಗಳದ ಎದುರಿನ ಮಂಟಪದಲ್ಲಿ ಮೇಲೆ ಬ್ರಹ್ಮದೇವ ಕುಳಿತಿದ್ದಾನೆ, ಕೆಳಗೆ ಮೊದಲ ಅಭಿಷೇಕದ ಕಥೆಯ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಅಜ್ಜಿ ನಿಂತಿರುವುದೂ ನೋಡುವವಳ ಜಾಗದಲ್ಲೇ.

ಆದರೆ ಬೆಳಗೊಳದ ನಿಜವಾದ ವೀಕ್ಷಣಾ ಕಟ್ಟಡ ಈ ಕಲ್ಲುಮಂಟಪಗಳಲ್ಲ, ಸುಮಾರು 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕಕ್ಕೆಂದು ಏಳುವ ಅಟ್ಟಣಿಗೆ. ಆ ಅಭಿಷೇಕದ ಅತ್ಯಂತ ಹಳೆಯ ಉಲ್ಲೇಖ 1398ರ ಶಾಸನದಲ್ಲಿದೆ. ಪಂಡಿತಾರ್ಯರು ಏಳು ಸಲ ಅಭಿಷೇಕ ಮಾಡಿಸಿದರೆಂದು ಅದು ಹೇಳುತ್ತದೆ. ಮೂರ್ತಿ ಒಂದೇ ಕಲ್ಲಿನದು, ಅದಕ್ಕೆ ಹುತ್ತ ಮತ್ತು ಬಳ್ಳಿಯ ಆಸರೆ ತೊಡೆಯವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಏನೂ ಇಲ್ಲ. ನೆತ್ತಿಯ ಮೇಲೆ ನೀರೆರೆಯಬೇಕಾದರೆ ಹಿಂದೆ ಅಷ್ಟೇ ಎತ್ತರದ ಅಟ್ಟ ಏಳಲೇಬೇಕು, ಅದೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಿಂದಿನವರು ಮರದ ಗಳುಗಳನ್ನು ಹಗ್ಗದಲ್ಲಿ ಬಿಗಿದು ಕಟ್ಟಿದರು, ಕೆಲಸ ಮುಗಿದ ಮೇಲೆ ಬಿಚ್ಚಿದರು.

ಈ ಅಟ್ಟ ಪೂಜೆಗಷ್ಟೇ ಅಲ್ಲ, ಅಳತೆಗೂ ಒದಗಿತೆಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಗೊಮ್ಮಟನ ಎತ್ತರ ಪ್ರವಾಸಿ ಬುಕಾನನ್ ಕೊಟ್ಟ ಲೆಕ್ಕದಲ್ಲಿ 70 ಅಡಿ 3 ಅಂಗುಲ, ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಲೆಕ್ಕದಲ್ಲಿ 60 ಅಡಿ 3 ಅಂಗುಲ. ಒಂದೇ ಮೂರ್ತಿ, ಹತ್ತು ಅಡಿ ವ್ಯತ್ಯಾಸ! ಅಟ್ಟವಿಲ್ಲದ ಅಳತೆಯ ಪಾಡು ಇದು. 1865ರಲ್ಲಿ ಮೈಸೂರಿನ ಚೀಫ್ ಕಮಿಷನರ್ ಬೌರಿಂಗ್ ಸರಿಯಾದ ಅಟ್ಟ ಕಟ್ಟಿಸಿ ಅಳೆಸಿದಾಗ ಸಿಕ್ಕಿದ್ದು 57 ಅಡಿ. 1871ರ ಅಭಿಷೇಕದ ಹೊತ್ತಿನಲ್ಲಿ ಸರ್ಕಾರದ ಅಧಿಕಾರಿಗಳು ಅಂಗಾಂಗಗಳನ್ನೂ ಅಳೆದರು. ಎತ್ತರದ ಬಗೆಗಿನ ಗೊಂದಲ ಬಗೆಹರಿದದ್ದು ಕೆಲವೇ ದಿನ ನಿಂತ ಕಟ್ಟಡದಿಂದ.

1981ರ ಸಹಸ್ರಮಾನೋತ್ಸವದಲ್ಲಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿದರು. ಗೊಮ್ಮಟನನ್ನು ಮೇಲಿನಿಂದ ನೋಡುವ ಭಾಗ್ಯ ಅಟ್ಟದ ಹಂಗಿಲ್ಲದೆ ದೊರೆತದ್ದು ಆಗ. 2018ರ ಫೆಬ್ರುವರಿಯಲ್ಲಿ ಜರ್ಮನ್ ತಂತ್ರಜ್ಞಾನದ ಉಕ್ಕಿನ ಅಟ್ಟಣಿಗೆ ಎದ್ದಿತು, ಸಾವಿರಾರು ಜನ ಕುಳಿತು ನೋಡಿದರು. ಗಾತ್ರ ಬೆಳೆದು ಮೂರ್ತಿಗೇ ಮುಸುಕು ಹಾಕಿದಂತಾಯಿತು ಎಂದು ಗೊಣಗಿದವರಿದ್ದರು. ಗೊಣಗಾಟದಲ್ಲಿ ಹುರುಳಿದೆ. ಆದರೂ ಅದನ್ನು ಬಿಚ್ಚಿದ ಮೇಲೆ ಬಂಡೆ ಬಂಡೆಯಾಗಿಯೇ ಉಳಿಯಿತು.

ಬಿಚ್ಚುವುದು ಇಲ್ಲಿ ಬರೀ ರೂಢಿಯಲ್ಲ, ನೆಲದ ಗುಣವೇ ಅದನ್ನು ಬೇಡುತ್ತದೆ. 1889ರಲ್ಲಿ ಶಾಸನತಜ್ಞ ರೈಸ್ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ. 1923ರಲ್ಲಿ ಆರ್. ನರಸಿಂಹಾಚಾರ್ ಆ ಸಂಖ್ಯೆಯನ್ನು 500ಕ್ಕೆ ತಂದರು, ಮುಂದಿನ ಪರಿಷ್ಕರಣೆಯಲ್ಲಿ ಅದು 573 ಆಯಿತು. ಚಿಕ್ಕಬೆಟ್ಟದಲ್ಲಿ ಇವುಗಳಲ್ಲಿ ಬಹಳಷ್ಟನ್ನು ಕೊರೆದಿರುವುದು ನಾವು ತುಳಿದು ನಡೆಯುವ ಬಂಡೆಯ ಮೇಲೆಯೇ. ಸಲ್ಲೇಖನದಿಂದ, ಎಂದರೆ ಉಪವಾಸ ವ್ರತದಿಂದ, ಮುಡಿಪಿದವರ ಹೆಸರುಗಳು ಕಾಲಡಿಯಲ್ಲಿವೆ. ಅಲ್ಲಿ ಕಂಬಿಗೆ ಒಂದು ಕುಳಿ ತೋಡಿದರೂ ಯಾರದೋ ಸಾವಿನ ದಾಖಲೆಗೆ ತೂತು ಬೀಳಬಹುದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ 2010ರ ಕಾನೂನು ಬರುವ ಎಷ್ಟೋ ಮೊದಲೇ ಈ ನೆಲ ತನ್ನ ನಿಯಮವನ್ನು ಕಲ್ಲಿನಲ್ಲಿ ಬರೆದುಕೊಂಡಿತ್ತು.

ಸುತ್ತಲ ತಾಲ್ಲೂಕುಗಳಲ್ಲೂ ಒಳ್ಳೆಯ ನೋಟದ ನೆಲೆಗಳು ತಲೆ ತಗ್ಗಿಸಿದಂಥವೇ. ಹಾಸನದ ಬಳಿಯ ದೊಡ್ಡಗದ್ದವಳ್ಳಿಯಲ್ಲಿ 1113ರ ಸುಮಾರಿಗೆ ಕುಲ್ಲಹಣ ರಾಹುತ ಮತ್ತು ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಕೆರೆಯ ಅಂಚಿನಲ್ಲಿ ತಗ್ಗಾಗಿ ಕುಳಿತಿದೆ. ಕೆರೆಗೆ ಗುಡಿ ಚೆಂದ, ಗುಡಿಗೆ ಕೆರೆ ಚೆಂದ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯನ್ನು ನೋಡುವುದೆಂದರೆ ಸೋಪಾನದ ಮೇಲೆ ಕುಳಿತು ಮೀನಿಗೆ ಪುರಿ ಎರಚುವುದು. ಕೊಣನೂರಿನಲ್ಲಿ ತೂಗುಸೇತುವೆಯೇ ನೋಟದ ಅಟ್ಟ. ದಾಟಲು ಕಟ್ಟಿದ್ದು, ಆದರೆ ನಡುವೆ ನಿಂತು ಹೊಳೆ ನೋಡದವರು ಯಾರು? ಹೊಳೆನರಸೀಪುರದ ಹೆಸರಿನಲ್ಲೇ ಹೇಮಾವತಿ ಇದ್ದಾಳೆ, ದಡದ ನರಸಿಂಹನ ಗುಡಿಯ ಹತ್ತಿರ ನಿಂತರೆ ಸಾಕು.

ನೋಡುವುದಕ್ಕೆಂದೇ ಕಟ್ಟಿದರೂ ಇದೇ ಸಾಲಿಗೆ ಸೇರುವುದು ಕೊಡಗಿನ ಮಡಿಕೇರಿಯ ರಾಜಾಸೀಟ್. ನಾಲ್ಕು ಕಂಬ, ಕಮಾನು, ಅಷ್ಟೆ. ಅದು ರಾಜ ಕುಳಿತು ನೋಡಲು ಮಾಡಿದ್ದು. ಅಷ್ಟು ಚಿಕ್ಕದಾಗಿ ಉಳಿದದ್ದರಿಂದಲೇ ಕಣಿವೆಗೆ ಅಡ್ಡ ಬರುವುದಿಲ್ಲ. ಈಗಿನ ಗಾಜಿನ ಸೇತುವೆಗಳಿಗೂ ಕಾಂಕ್ರೀಟ್ ವೀಕ್ಷಣಾ ಗೋಪುರಗಳಿಗೂ ಆ ಸಂಕೋಚ ಇಲ್ಲ. ನೋಟ ತೋರಿಸಲು ಬಂದು ತಾವೇ ನೋಟವಾಗುತ್ತವೆ, ಫೋಟೊದಲ್ಲಿ ಬೆಟ್ಟಕ್ಕಿಂತ ಮೊದಲು ಕಾಣುವುದು ಅವೇ.

12 ವರ್ಷದ ಲೆಕ್ಕ ತಪ್ಪದಿದ್ದರೆ ಬೆಳಗೊಳದಲ್ಲಿ ಮತ್ತೆ ಅಟ್ಟಣಿಗೆ ಏಳುವುದು 2030ರ ಸುಮಾರಿಗೆ. ಟೆಂಡರ್ ಬರೆಯುವವರು ಕಟ್ಟುವ ದಿನದ ಜೊತೆಗೆ ಬಿಚ್ಚುವ ದಿನವನ್ನೂ ಮೊದಲೇ ನಮೂದಿಸಲಿ. ಬರೆಯುವ ಮುನ್ನ ಒಮ್ಮೆ ಚಾವುಂಡರಾಯನ ಬಂಡೆಯ ಬಳಿ ನಿಂತು ದಕ್ಷಿಣಕ್ಕೆ ನೋಡಿ ಬರಲಿ.