ಸಂತ ಝೇವಿಯರ್, ಜಪಾನಿನ ಚಹಾ ಮನೆ ಮತ್ತು ಅಣ್ಣಿಗೇರಿಯ ದೇಗುಲ

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಅವರ ಹಬ್ಬ. ಆ ತಿಂಗಳು ಗೋವಾ, ಕಾರವಾರದ ಕಡೆಯ ನೆಂಟರು ನಮ್ಮ ಧಾರವಾಡ ಸೀಮೆಯ ಮನೆಗಳಿಗೆ ಬರುತ್ತಾರೆ. ಅವರನ್ನು ಅಣ್ಣಿಗೇರಿಯ ಅಮೃತೇಶ್ವರ ದೇವಸ್ಥಾನಕ್ಕೆ ಕರೆದೊಯ್ಯಬಹುದೇ, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಕೆಲವು ಕುಟುಂಬಗಳು ನಮ್ಮನ್ನು ಕೇಳುವುದುಂಟು. ಮಕ್ಕಳು ನೋಡಬೇಕೆನ್ನುತ್ತಾರೆ; ಅಜ್ಜಿಯರು ಪಾಪವಾದೀತೆಂದು ತಡೆಯುತ್ತಾರೆ. ಇದಕ್ಕೆ ಉತ್ತರವನ್ನು ನಾವು ಹಬ್ಬದ ಸಂತರ ಚರಿತ್ರೆಯಲ್ಲೇ ಹುಡುಕೋಣ.

ಝೇವಿಯರ್ ಜಪಾನಿಗೆ ಹೋದದ್ದು ನಮಗೆಲ್ಲ ಗೊತ್ತು. ಅವರಿಗೆ ದಾರಿ ತೋರಿಸಿದವನು ಅಂಜಿರೋ ಎಂಬ ಜಪಾನೀಯ. ಕೊಲೆ ಮಾಡಿ ಊರು ಬಿಟ್ಟು ಓಡಿದ್ದ ಆತ ಮಲಕ್ಕಾದಲ್ಲಿ ಸಂತರನ್ನು ಕಂಡು, 1548ರ ಪವಿತ್ರಾತ್ಮರ ಆಗಮನದ ಹಬ್ಬದಂದು ಗೋವಾದಲ್ಲಿ ಜ್ಞಾನಸ್ನಾನ ಪಡೆದ. 1549ರ ಆಗಸ್ಟ್ 15ರಂದು ಅವರೆಲ್ಲ ಇಳಿದ ಕಾಗೊಶಿಮಾ ಅವನದೇ ಊರು. ಅಲ್ಲಿನ ಫುಕುಶೋಜಿ ಎಂಬ ಬೌದ್ಧ ಮಠದ ಹಿರಿಯ ನಿನ್ಶಿತ್ಸು ಸಂತರಿಗೆ ಗೆಳೆಯರಾದರು. ಧ್ಯಾನಕ್ಕೆ ಕುಳಿತ ಸನ್ಯಾಸಿಗಳು ಏನು ಚಿಂತಿಸುತ್ತಾರೆ ಎಂದು ಸಂತರು ಕೇಳಿದಾಗ ಆ ವೃದ್ಧರು ನಕ್ಕು, ಕೆಲವರು ಭಕ್ತರಿಂದ ಬಂದ ಹಣದ ಲೆಕ್ಕ ಹಾಕುತ್ತಾರೆ, ಕೆಲವರು ಒಳ್ಳೆಯ ಬಟ್ಟೆಯನ್ನು ನೆನೆಯುತ್ತಾರೆ ಎಂದರಂತೆ. (ಭಾನುವಾರದ ನಮ್ಮ ಪ್ರಸಂಗದ ಹೊತ್ತಿನಲ್ಲಿ ಬೆಂಚುಗಳ ಮೇಲಿನ ಚಿಂತನೆಯೂ ಇದಕ್ಕಿಂತ ದೂರವಿರಲಾರದು!)

ಆದರೆ ದಾರಿ ತೋರಿಸುವವನಿಗೆ ಊರು ಗೊತ್ತಿದ್ದರೆ ಸಾಲದು. ಅಂಜಿರೋ ಬೌದ್ಧ ಶಾಸ್ತ್ರಗಳನ್ನು ಓದಿದವನಲ್ಲ. ದೇವರು ಎನ್ನಲು ಆತ 'ದೈನಿಚಿ' ಎಂಬ ಪದ ಕೊಟ್ಟ. ಅದು ಒಬ್ಬ ಬುದ್ಧನ ಹೆಸರು. ಕೇಳಿದವರು ಇದೂ ಭಾರತದಿಂದ ಬಂದ ಒಂದು ಬೌದ್ಧ ಪಂಥವೆಂದುಕೊಂಡರು. ಸುಮಾರು ಎರಡು ವರ್ಷದ ಮೇಲೆ ಸಂತರಿಗೆ ಇದು ತಿಳಿದು ಆ ಪದವನ್ನು ಬಿಟ್ಟರು.

ಮುಂದಿನ ಚರಿತ್ರೆ ಎಲ್ಲವೂ ಹೆಮ್ಮೆಯದಲ್ಲ. ಒಮುರಾ ಸೀಮೆಯ ಪ್ರಭು ಕ್ರೈಸ್ತನಾದ ಮೇಲೆ, 1574ರಲ್ಲಿ, ಅಲ್ಲಿನ ದೇಗುಲಗಳನ್ನು ನಾಶಮಾಡಲಾಯಿತು. ನಮ್ಮ ಗುರುಗಳೇ ಅದಕ್ಕೆ ಒತ್ತಾಸೆಯಾದರು. 1587ರಲ್ಲಿ ಹಿದೆಯೋಶಿ ಗುರುಗಳನ್ನು ದೇಶ ಬಿಡುವಂತೆ ಆಜ್ಞಾಪಿಸಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಇನ್ನೊಂದು ದಾರಿಯನ್ನು ತೋರಿಸಿದವರು ಯೇಸುಸಭೆಯ ಅಲೆಸ್ಸಾಂದ್ರೊ ವಲಿಜ್ಞಾನೊ. ಗೋವಾದಿಂದ ಹೊರಟು 1579ರಲ್ಲಿ ಜಪಾನ್ ಮುಟ್ಟಿದ ಅವರು, ಸಭೆಯ ಮನೆಗಳಲ್ಲಿ ಅತಿಥಿಗಳಿಗಾಗಿ ಚಹಾ ಕೋಣೆ ಇರಬೇಕು, ಚಹಾ ಕೊಡುವ ಕ್ರಮ ಬಲ್ಲವರು ಇರಬೇಕು ಎಂದು ನಿಯಮ ಬರೆದರು. ಚಹಾ ಕೋಣೆಯ ಬಾಗಿಲು ಬಹಳ ಕಿರಿದು; ದೊರೆಯಾದರೂ ಮಂಡಿಯೂರಿ ನುಸುಳಬೇಕು, ಕತ್ತಿ ಹೊರಗೇ ಉಳಿಯಬೇಕು. ಮನೆಯವರು ಅತಿಥಿಗಳ ಎದುರಿಗೇ ಬಟ್ಟಲು ಒರೆಸಿ ಚಹಾ ಕಲಸುತ್ತಾರೆ. ಗಟ್ಟಿ ಚಹಾವಾದರೆ ಎಲ್ಲರಿಗೂ ಒಂದೇ ಬಟ್ಟಲು. ಕುಡಿದವರು ಅಂಚನ್ನು ಒರೆಸಿ ಪಕ್ಕದವರಿಗೆ ಕೊಡುತ್ತಾರೆ. ಇದನ್ನು ಕಂಡವರಿಗೆ ಬಲಿಪೂಜೆಯ ಪಾನಪಾತ್ರೆ ನೆನಪಾಗದಿರದು. ಆ ಪದ್ಧತಿಯೇ ನಮ್ಮಿಂದ ಹೋದದ್ದೆಂದು ಕೆಲವರು ಹೇಳುತ್ತಾರೆ. ನಾವು ಅಷ್ಟು ದೂರ ಹೋಗಲಾರೆವು. ಅದಕ್ಕೆ ತಳಹದಿ ಹಾಕಿದ ಮುರಾತಾ ಜುಕೋ ತೀರಿಕೊಂಡದ್ದು 1502ರಲ್ಲಿ, ಝೇವಿಯರ್ ಹುಟ್ಟುವ ಮೊದಲೇ.

ಚಹಾ ಗುರು ಸೆನ್ ನೊ ರಿಕ್ಯೂ ಅವರ ಏಳು ಪ್ರಮುಖ ಶಿಷ್ಯರಲ್ಲಿ ತಕಯಾಮಾ ಉಕೊನ್ ಎಂಬ ಕ್ರೈಸ್ತ ಪ್ರಭುವನ್ನೂ ಎಣಿಸುತ್ತಾರೆ. ಆತ ಚಹಾ ಗುಡಿಸಲಿನಲ್ಲಿ ಒಬ್ಬನೇ ಕುಳಿತು ಪ್ರಾರ್ಥಿಸುತ್ತಿದ್ದನೆಂದು ಅಂದಿನ ಗುರು ಜುವಾವ್ ರೊಡ್ರಿಗಸ್ ಬರೆದಿದ್ದಾರೆ. ವಿಶ್ವಾಸ ಬಿಡದ ಕಾರಣ 1587ರಲ್ಲಿ ಸೀಮೆಯನ್ನೂ 1614ರಲ್ಲಿ ದೇಶವನ್ನೂ ಕಳೆದುಕೊಂಡು, 1615ರಲ್ಲಿ ಮನಿಲಾದಲ್ಲಿ ತೀರಿಕೊಂಡ. 2017ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು.

ಈಗ ಅಣ್ಣಿಗೇರಿಗೆ ಬರೋಣ. ಈ ಊರು ಆದಿಕವಿ ಪಂಪನ ತಾಯಿಯ ಕಡೆಯವರದು. ಬಾದಾಮಿ ಚಾಲುಕ್ಯ ಎರಡನೇ ಕೀರ್ತಿವರ್ಮನ ಕಾಲದಲ್ಲಿ, ಎಂಟನೇ ಶತಮಾನದಲ್ಲೇ, ಇಲ್ಲಿ ಜೈನ ಚೈತ್ಯ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಹನ್ನೊಂದನೇ ಶತಮಾನದಲ್ಲಿ ಚೋಳರ ದಂಡು ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನು ಸುಟ್ಟಿತೆಂದೂ ಶಾಸನವಿದೆ. ಅದೇ ಶತಮಾನದ ಅಮೃತೇಶ್ವರ ದೇಗುಲ ಕಲ್ಯಾಣ ಚಾಲುಕ್ಯರ ಕಾಲದ್ದು, ಬಳಪದ ಕಲ್ಲಿನದು. 76 ಕಂಬಗಳಿವೆ, ಎಣಿಸುವ ಕೆಲಸವನ್ನು ಮಕ್ಕಳಿಗೆ ಬಿಡಿ.

ಆದುದರಿಂದ ಅಜ್ಜಿಯರಿಗೆ ನಮ್ಮ ಮಾತು: ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಪೂಜೆಯಲ್ಲಿ ಭಾಗಿಯಾಗುವುದು ಬೇರೆ, ಗೌರವದಿಂದ ನೋಡುವುದು ಬೇರೆ. ಚಪ್ಪಲಿ ಹೊರಗೆ ಬಿಡಿ, ದರ್ಶನಕ್ಕೆ ಬಂದ ಭಕ್ತರಿಗೆ ಅಡ್ಡ ನಿಲ್ಲಬೇಡಿ, ಗರ್ಭಗುಡಿಯತ್ತ ಕ್ಯಾಮರಾ ಹಿಡಿಯುವ ಮೊದಲು ಅರ್ಚಕರನ್ನು ಕೇಳಿ. ನೆಂಟರಿಗೆ ಶಿಲ್ಪದ ಕಥೆಯನ್ನು ನೀವೇ ಊಹಿಸಿ ಹೇಳಬೇಡಿ. ಅಂಜಿರೋನಿಗೆ ಆದದ್ದು ನಿಮಗೂ ಆದೀತು. ಊರಿನ ಹಿರಿಯರೊಬ್ಬರನ್ನು ಕೇಳಿದರೆ ಅವರೇ ತೋರಿಸುತ್ತಾರೆ. ಆಮೇಲೆ, "ಬರ್ರಿ, ಚಾ ಕುಡದ ಹೋಗ್ರಿ" ಎಂದು ಮನೆಗೆ ಕರೆದಾರು. ಈಗಷ್ಟೇ ಆಯಿತೆಂದು ಜಾರಿಕೊಳ್ಳಬೇಡಿ. ಕೊಟ್ಟ ನೀರು-ಬೆಲ್ಲ ತೆಗೆದುಕೊಂಡು, ಚಾಪೆಯ ಮೇಲೆ ಕುಳಿತು, ಕಪ್ಪು ಬಶಿ ಬರುವ ತನಕ ಅವರ ಮಳೆ-ಬೆಳೆಯ ಮಾತು ಕೇಳಿ.